ಷಡ್ಡಕನ ದಂಡು

ನಮ್ಮ ಮನೆ ಬಾಗಿಲಲ್ಲಿ ತೆಂಗಿನ ನಾರಿನ ಕಾಲೊರಸು ಒಂದಿತ್ತು. ಕೆಂಪಕ್ಷರದಲ್ಲಿ ‘ಸುಸ್ವಾಗತ’ ಎಂದು ಬರೆದದ್ದು. ಈಗಿಲ್ಲ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ತೀರಿಕೊಂಡಿತು.

ಮುತ್ತಿಗೆ ಹಾಕಿದವನು ನನ್ನ ಷಡ್ಡಕ. ಸಾಫ್ಟ್‌ವೇರ್ ಮನುಷ್ಯ, ಕಂಪನಿ ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿದ್ದ. ಬೇರೆಯವರು ಅಲ್ಲಿಂದ ಚಾಕೊಲೇಟು ತರುತ್ತಾರೆ, ಇವನು ಗೀಳು ತಂದ. ಆ ಗೀಳಿಗೆ ಅದೇ ಕಾಶಿಯಂತೆ. 1983ರಲ್ಲಿ ವಾರ್‌ಹ್ಯಾಮರ್ ಆಟ ತಂದ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಅಲ್ಲಿದೆ. ಗೊಂಬೆ ಸಿಪಾಯಿಗಳ ಎರಕ ಹೊಯ್ಯುವ ಕಂಪನಿಗಳು ಸುತ್ತಮುತ್ತ ಎಷ್ಟಿವೆಯೆಂದರೆ ಆ ಸೀಮೆಗೆ ‘ಸೀಸದ ಪಟ್ಟಿ’ ಎಂದೇ ಅಡ್ಡಹೆಸರು. ಹೆಬ್ಬೆರಳ ಗೆಣ್ಣಿನಷ್ಟು, ಅಂದರೆ 28 ಮಿಲಿಮೀಟರ್ ಎತ್ತರದ ಸಿಪಾಯಿಗಳಿಗೆ ಬಣ್ಣ ಬಳಿದು, ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆ ಕಟ್ಟಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ದಂಡು ನಡೆಸುವುದು ಆಟ. ‘ಟೈಮ್ ಮೆಷಿನ್’ ಬರೆದ ಎಚ್.ಜಿ. ವೆಲ್ಸ್ 1913ರಲ್ಲೇ ಇಂಥ ಆಟಕ್ಕೆ ನಿಯಮಗಳ ಪುಸ್ತಕ ಬರೆದಿದ್ದನೆಂದು ಷಡ್ಡಕ ನನಗೆ ಹನ್ನೊಂದು ಸಲವಾದರೂ ಹೇಳಿದ್ದಾನೆ. ವಯಸ್ಸಾದ ಮೇಲೂ ಗೊಂಬೆ ಹಿಡಿದು ಕೂರುವವರಿಗೆ ಇಂಥದ್ದೊಂದು ಜಾಮೀನು ಬೇಕು.

ಆಟ ಅಂದೆನಲ್ಲ, ತಪ್ಪಾಯಿತು. ಮೂರು ವರ್ಷದಿಂದ ಒಂದು ದಾಳವೂ ಉರುಳಿಲ್ಲ.

‘ಯುದ್ಧ ಯಾವಾಗಪ್ಪಾ?’

‘ಇನ್ನೂ ಎರಡು ತುಕಡಿ ಪ್ರೈಮರಲ್ಲೇ ಇದೆ, ಭಾವ.’

ಮಂಚದ ಕೆಳಗೆ ಡಬ್ಬಿಗಟ್ಟಲೆ ಬೂದು ಪ್ಲಾಸ್ಟಿಕ್ ಸಿಪಾಯಿಗಳು ಮೋಕ್ಷಕ್ಕೆ ಕಾಯುತ್ತಿವೆ. ಆದರೂ ಹೊಸ ಪಾರ್ಸಲ್ ಬರುವುದು ನಿಂತಿಲ್ಲ. ಈರುಳ್ಳಿಯನ್ನೂ ಮುಟ್ಟದ ಮಡಿವಂತ ಇವನು. ಬ್ರಷ್ಷಿನ ಮೊನೆ ಚೂಪಾಗಲೆಂದು ಏಕಾದಶಿಯಂದೂ ತುಟಿಗಿಟ್ಟು ಎಳೆಯುತ್ತಾನೆ. ಆ ಕೂದಲು ಮುಂಗುಸಿಯಂತೆ ಕಾಣುವ ಯಾವುದೋ ಸೈಬೀರಿಯದ ಪ್ರಾಣಿಯ ಬಾಲದ್ದು. ಅತ್ತೆಗೆ ನಾನು ಹೇಳಿಲ್ಲ. ಹೇಳುವ ದಿನ ಬಂದರೆ ಇರಲಿ ಎಂದು ಇಟ್ಟುಕೊಂಡಿದ್ದೇನೆ.

ಒಮ್ಮೆ ನನಗೂ ಒಬ್ಬ ಸಿಪಾಯಿಯನ್ನು ಕೊಟ್ಟ. ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು, ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟು ಮೇಲು ಎಂದು ಉಪದೇಶವನ್ನೂ ಕೊಟ್ಟ. ನಾನು ಗೇಟಿಗೆ ಬಳಿದಂತೆ ಬಳಿದೆ. ಸಿಪಾಯಿಗೆ ಕಾಮಾಲೆ ಹಿಡಿದಿತ್ತು, ಮೂಗು ಮುಚ್ಚಿಹೋಗಿತ್ತು. ಷಡ್ಡಕ ಬಹಳ ಹೊತ್ತು ನೋಡಿ, ಅವನನ್ನು ಹೊಳೆಯ ದಂಡೆಯಲ್ಲಿ ಬೋರಲು ಮಲಗಿಸಿದ. ‘ಇವನು ಆಗಲೇ ಸತ್ತಿದ್ದಾನೆ ಅಂತ ಇಟ್ಕೊಳ್ಳೋಣ, ಭಾವ.’

ಕಾಲೊರಸಿನ ವಿಷಯಕ್ಕೆ ಬರುತ್ತೇನೆ. ಧರ್ಮಸ್ಥಳಕ್ಕೆ ಹೋಗುವಾಗ ಗಿಡಗಳಿಗೆ ನೀರು ಹಾಕೆಂದು ಅವನಿಗೇ ಬೀಗದ ಕೈ ಕೊಟ್ಟಿದ್ದೆವು. ಬಂದು ನೋಡಿದರೆ ಗಿಡಗಳು ನಳನಳಿಸುತ್ತಿವೆ, ಕಾಲೊರಸು ಮಾಯ. ಪೇಪರಿನ ಹುಡುಗನ ಮೇಲೆ ಅನುಮಾನಪಟ್ಟೆ. ವಾಚ್‌ಮನ್ ಜೊತೆ ಜಗಳವಾಡಿದೆ. ಹದಿನೈದು ದಿನದ ಮೇಲೆ ಷಡ್ಡಕನ ಮನೆಗೆ ಹೋದಾಗ ಅವನ ಮೇಜಿನ ಮೇಲೆ ಕಾವೇರಿ, ಅದರಾಚೆ ಥರ್ಮೋಕೋಲಿನ ಕೋಟೆ, ಈಚೆ ದಡದಲ್ಲಿ ಕೊಯ್ಲಿಗೆ ಬಂದ ಹೊಂಬಣ್ಣದ ಪೈರು. ಪೈರಿನ ಮೂಲೆಯೊಂದು ಮಾತ್ರ ಎಷ್ಟು ಬಣ್ಣಕ್ಕೂ ಬಗ್ಗದೆ ಕೆಂಪಗಿತ್ತು. ಕನ್ನಡಕ ಹಾಕಿ ನೋಡಿದೆ. ‘ಸು.’

‘ಇದು ನಮ್ಮನೇ ಸು!’ ಎಂದು ಕೂಗಿದೆ.

‘ಹೊಸ ನಾರಿಗೆ ಈ ಹದ ಬರಲ್ಲ, ಭಾವ. ಹತ್ತು ವರ್ಷ ನೀವು ತುಳಿದದ್ದು. ದುಡ್ಡು ಕೊಟ್ರೂ ಸಿಗಲ್ಲ.’

ಬೈಯಲು ಬಾಯಿ ತೆರೆದಿದ್ದ ನನಗೆ, ನನ್ನ ಹಿಮ್ಮಡಿಯ ಬಗ್ಗೆ ಜೀವನದಲ್ಲಿ ಮೊದಲ ಸಲ ಅಭಿಮಾನ ಹುಟ್ಟಿತು. ಅಷ್ಟರಲ್ಲಿ ಅತ್ತೆ ಕಾಫಿ ತಟ್ಟೆ ಹಿಡಿದು ಬಂದರು. ಮಂಡ್ಯದ ಕಡೆಯವರು, ಗದ್ದೆ ಕಂಡವರು.

‘ಇದ್ಯಾವ ತಿಂಗಳು, ಅಳಿಯಂದ್ರೇ?’

‘1799ನೇ ಇಸವಿ ಮೇ 4, ಅತ್ತೆ. ಮಧ್ಯಾಹ್ನ ಒಂದು ಗಂಟೆ.’ ಬಿಸಿಲಿಗೆ ಕೋಟೆಯವರು ವಿಶ್ರಾಂತಿಯಲ್ಲಿರುತ್ತಾರೆಂದು ಇಂಗ್ಲಿಷರು ಆ ಹೊತ್ತನ್ನೇ ಆರಿಸಿದ್ದನ್ನೂ, ದಾಳಿಯ ಮುಂದಾಳು ಬೇರ್ಡ್ ಹಿಂದೆ ಅದೇ ಊರಲ್ಲಿ ಮೂರು ವರ್ಷಕ್ಕೂ ಮೇಲೆ ಸೆರೆಯಲ್ಲಿದ್ದದ್ದನ್ನೂ ಉತ್ಸಾಹದಿಂದ ವಿವರಿಸಿದ.

‘ಅವರು ಬಂದು ಎಷ್ಟು ದಿನ ಆಗಿತ್ತು?’

‘ಒಂದು ತಿಂಗಳು.’

‘ದಂಡಿನ ಜೊತೆ ಎತ್ತು, ಕುದುರೆ?’

‘ಸಾವಿರ ಸಾವಿರ, ಅತ್ತೆ!’

‘ಮತ್ತೆ ಒಂದು ತಿಂಗಳಿಂದ ಅವೆಲ್ಲ ಈ ಪೈರು ನೋಡ್ಕೊಂಡು ಉಪವಾಸ ಇದ್ವಾ?’

ಕಾಫಿ ಇಟ್ಟು ಒಳಗೆ ಹೋದರು. ಷಡ್ಡಕನ ಮುಖ ಪ್ರೈಮರ್ ಬಣ್ಣಕ್ಕೆ ತಿರುಗಿತು. ಯಾವ ತುಕಡಿಯ ಅಂಗಿಯ ಪಟ್ಟಿ ಯಾವ ಬಣ್ಣವೆಂದು ಹೇಳಬಲ್ಲವನ ಕೋಟೆ ಒಂದು ಕಾಫಿ ತಟ್ಟೆಗೆ ಬಿದ್ದಿತ್ತು. ಅಂದು ರಾತ್ರಿಯೇ ಚಿಮಟ ಹಿಡಿದು ಪೈರನ್ನೆಲ್ಲ ಕಿತ್ತನಂತೆ. ನನ್ನ ಕಾಲೊರಸು ಪ್ಲಾಸ್ಟಿಕ್ ಕವರಿನಲ್ಲಿ ನನಗೇ ವಾಪಸು ಬಂತು.

ಇಷ್ಟಾದರೂ ಅವನ ಪಕ್ಕ ಕೂರುವುದನ್ನು ನಾನು ಬಿಟ್ಟಿಲ್ಲ. ಹಗಲೆಲ್ಲ ಅವನು ಕಂಪ್ಯೂಟರಿನಲ್ಲಿ ಬರೆದದ್ದನ್ನು ಆರು ತಿಂಗಳಲ್ಲಿ ಯಾರೋ ಅಳಿಸುತ್ತಾರೆ. ರಾತ್ರಿ ಟೇಬಲ್ ಲ್ಯಾಂಪಿನಡಿ, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಮೈಸೂರು ಸಿಪಾಯಿಯ ಅಂಗಿಗೆ ಹುಲಿಪಟ್ಟೆ ಬರೆಯುತ್ತಾನೆ. ಕಣ್ಣು ಬರೆಯುವಾಗ ಅವನು ಉಸಿರು ಹಿಡಿಯುತ್ತಾನೆ, ನಾನೂ ಹಿಡಿಯುತ್ತೇನೆ. ಒಂದು ರಾತ್ರಿ ಹಿಂದಿನ ಸಾಲಿನ ಸಿಪಾಯಿಯೊಬ್ಬನಿಗೆ ಹುಬ್ಬು ತಿದ್ದುತ್ತಿದ್ದ. ಸಾಲು ಜೋಡಿಸಿದ ಮೇಲೆ ಅವನ ಮುಖವೇ ಕಾಣುವುದಿಲ್ಲ.

‘ಯಾರು ನೋಡ್ತಾರೋ ಮಾರಾಯ?’

‘ಸಾಯ್ತಾನೆ ಅಂತ ಗೊತ್ತಲ್ಲ, ಭಾವ. ಹುಬ್ಬಾದರೂ ಇರಲಿ.’

ಯುದ್ಧ ಯಾವಾಗ ಎಂದು ಆ ರಾತ್ರಿ ಕೇಳಲಿಲ್ಲ.

ಈಗ ರಬ್ಬರಿನ ಕಾಲೊರಸು ತಂದಿದ್ದೇವೆ. ಅದರ ಮೇಲೆ ಕಲ್ಲು ಜೋಡಿಸಿದಂಥ ಉಬ್ಬುಚಿತ್ತಾರವಿದೆ. ಹೋದ ಭಾನುವಾರ ಷಡ್ಡಕ ಬಂದ. ಕಾಲೊರೆಸಿದ, ಆದರೆ ಒಳಗೆ ಬರಲಿಲ್ಲ. ಬಗ್ಗಿ ಬೆರಳಲ್ಲಿ ಸವರಿದ, ಜೇಬಿನಿಂದ ಟೇಪು ತೆಗೆದ.

‘ಭಾವ, ನೀವು ಮತ್ತೆ ಧರ್ಮಸ್ಥಳಕ್ಕೆ ಯಾವಾಗ ಹೋಗ್ತೀರಿ?’