ಬಾಲಪಾನಮೀಮಾಂಸೆ: ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕುರಿತು

ಮಗುವೊಂದು ಸಿಹಿ ಪಾನೀಯದ ಬಾಟಲಿಗೆ ಬಾಯಿ ಹಚ್ಚಿದ ಗಳಿಗೆಯಿಂದ ಹಿಡಿದು, ರಾತ್ರಿ ತಟ್ಟೆಗೆ ಬಿದ್ದ ಮುದ್ದೆ-ಬಸ್ಸಾರಿನ ಎದುರು ‘ಬ್ಯಾಡ’ ಎಂದು ಮುಖ ತಿರುವುವವರೆಗೆ ಅದರ ರಕ್ತದಲ್ಲೂ ಮನೆಯವರ ಮನಸ್ಸಿನಲ್ಲೂ ನಡೆಯುವ ವ್ಯಾಪಾರಗಳನ್ನು ವಿಚಾರಿಸುವ ಶಾಸ್ತ್ರಕ್ಕೆ ಬಾಲಪಾನಮೀಮಾಂಸೆ ಎಂದು ಹೆಸರು. ಶಾಸ್ತ್ರ ಹೊಸದಾದರೂ ಅದರ ಕ್ಷೇತ್ರ ಹಳೆಯದು. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ರೈತರ ಬೆಲ್ಲವನ್ನು ಸಕ್ಕರೆಯಾಗಿಸುವ ಕಾರ್ಖಾನೆ 1847ರಲ್ಲಿಯೇ ಆರಂಭವಾಗಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದ ಮೇಲೆ 1933ರಲ್ಲಿ ಮಂಡ್ಯಕ್ಕೆ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು, ಮುಂದೆ ಪಾಂಡವಪುರಕ್ಕೊಂದು ಸಹಕಾರಿ ಕಾರ್ಖಾನೆಯೂ ಕೆ.ಆರ್. ಪೇಟೆಯ ಮಾಕವಳ್ಳಿಗೊಂದು ಖಾಸಗಿ ಕಾರ್ಖಾನೆಯೂ ಬಂದವು. ಪಾಂಡವಪುರದ ಕಾರ್ಖಾನೆ ನಡುವೆ ಕೆಲವು ವರ್ಷ ನಿಂತಿತ್ತಾದರೂ ಆ ಅವಧಿಯಲ್ಲಿ ಮಕ್ಕಳ ಬಾಯಿಯೂ ನಿಂತಿತ್ತೆಂದು ಯಾವ ಪಂಡಿತನೂ ವಾದಿಸಿಲ್ಲ. ನಾಗಮಂಗಲ ಬಹುಮಟ್ಟಿಗೆ ಮಳೆ ನಂಬಿದ ರಾಗಿ, ಹುರುಳಿಗಳ ನಾಡು. ಆದರೆ ಕಬ್ಬಿಗೆ ನಾಲೆ ಬೇಕಾದರೂ ಬಾಟಲಿಗೆ ಲಾರಿ ಹೋಗುವ ರಸ್ತೆ ಸಾಕಾದ್ದರಿಂದ ಆ ತಾಲ್ಲೂಕನ್ನೂ ಇಲ್ಲಿ ಸೇರಿಸಿಕೊಳ್ಳಲಾಗಿದೆ.

ರಕ್ತದಲ್ಲಿ ಕರಗಿ ಹರಿಯುವ ಗ್ಲೂಕೋಸೇ ರಕ್ತದ ಸಕ್ಕರೆ. ಆರೋಗ್ಯವಂತ ಮಗುವಿನ ಬರಿಹೊಟ್ಟೆಯಲ್ಲಿ ಅದು 100 ಮಿಲಿಲೀಟರ್ ರಕ್ತಕ್ಕೆ ಸಾಮಾನ್ಯವಾಗಿ 70ರಿಂದ 100 ಮಿಲಿಗ್ರಾಂ ಇರುತ್ತದೆ. 30 ಕಿಲೊ ತೂಗುವ ಮಗುವಿನ ಮೈಯಲ್ಲಿ ಎರಡು ಲೀಟರಿಗೆ ತುಸು ಹೆಚ್ಚು ರಕ್ತವಿರುವುದರಿಂದ, ಅಷ್ಟೂ ರಕ್ತದಲ್ಲಿರುವ ಸಕ್ಕರೆ ಹೆಚ್ಚುಕಡಿಮೆ ಎರಡು ಗ್ರಾಂ, ಅರ್ಧ ಟೀ ಚಮಚ. ಇಷ್ಟು ಬಿಗಿಯಾಗಿ ಬೊಕ್ಕಸ ನಡೆಸುವ ಸಂಸ್ಥಾನದ ಮೇಲೆ 300 ಮಿಲಿಲೀಟರ್ ಕೋಲಾ ಸುಮಾರು 32 ಗ್ರಾಂ ಸಕ್ಕರೆಯೊಡನೆ ದಂಡೆತ್ತಿ ಬರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸುರಿಸಿ, ಬಂದದ್ದನ್ನೆಲ್ಲ ಯಕೃತ್ತು ಮತ್ತು ಸ್ನಾಯುಗಳ ಉಗ್ರಾಣಕ್ಕೆ ಸಾಗಿಸಿ, ಎರಡು ಮೂರು ಗಂಟೆಯೊಳಗೆ ರಾಜ್ಯವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಒಂದು ದಂಡಯಾತ್ರೆಯಿಂದ ಯಾವ ಮಗುವಿಗೂ ಸಕ್ಕರೆ ಕಾಯಿಲೆ ಬರುವುದಿಲ್ಲ, ನಿತ್ಯವೂ ನಡೆದರೆ ಉಗ್ರಾಣ ತುಂಬಿ ಮಿಕ್ಕದ್ದು ಕೊಬ್ಬಾಗುತ್ತದೆ. ಕಂಪನಿಯ ಪಾನೀಯ ದೋಷಪೂರ್ಣ, ಕಬ್ಬಿನ ಹಾಲು ಮಾತ್ರ ನಿರ್ದೋಷಿ ಎಂದು ಸಾಧಿಸುವ ಸ್ಥಳೀಯ ಪಂಥವೊಂದುಂಟು. ಕಬ್ಬಿನ ಹಾಲಿನಲ್ಲೂ ನೂರಕ್ಕೆ ಹನ್ನೆರಡರಿಂದ ಹದಿನೈದು ಪಾಲು ಸಕ್ಕರೆಯೇ ಇದೆ. ಮೇದೋಜೀರಕ ಗ್ರಂಥಿಗೆ ಜಿಲ್ಲಾಭಿಮಾನವಿದ್ದಂತೆ ಕಾಣುವುದಿಲ್ಲ.

ಹಸಿವಿನ ಪ್ರಕರಣ ಇದಕ್ಕಿಂತ ಜಟಿಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ತರ್ಕಕ್ಕೆ ಹೆಸರಾದ ಊರಾದ್ದರಿಂದ ಇಲ್ಲಿ ಪ್ರಮಾಣಗಳನ್ನು ಕ್ರಮವಾಗಿ ಹೇಳುವುದು ಉಚಿತ. ಮಗು ಮುದ್ದೆ ಮುಟ್ಟಲಿಲ್ಲವೆಂಬುದು ಪ್ರತ್ಯಕ್ಷ. ಆದ್ದರಿಂದ ಅದು ಬೆಳಗಿನಿಂದ ಉಪವಾಸವಿದೆಯೆಂಬುದು ಅನುಮಾನ. ‘ಕೂಸು ಸೊರಗೋಯ್ತದೆ, ಏನಾರ ತಂಪಾಗಿ ಕುಡಿಸ್ರವ್ವ’ ಎಂಬ ಅಜ್ಜಿಯ ಮಾತು ಶಬ್ದಪ್ರಮಾಣ. ದೋಷವಿರುವುದು ಎರಡನೆಯದರಲ್ಲಿ. ಅಗಿಯುವ ಕೆಲಸವಿಲ್ಲದ ಸಿಹಿ ನೀರು ಹೊಟ್ಟೆಯಿಂದ ಬೇಗ ಇಳಿದುಹೋಗುವುದರಿಂದ, ಅಷ್ಟೇ ಶಕ್ತಿಯ ಗಟ್ಟಿ ಆಹಾರ ಕೊಡುವಷ್ಟು ತೃಪ್ತಿಯನ್ನು ಅದು ಕೊಡುವುದಿಲ್ಲ. ಆದರೂ ಊಟಕ್ಕೆ ಅರ್ಧ ಗಂಟೆ ಮುಂಚೆ ಕುಡಿದರೆ ಹಸಿವನ್ನು ತಾತ್ಕಾಲಿಕವಾಗಿ ಮಂಕಾಗಿಸಬಲ್ಲದು. ಹೀಗೆ ಏಳೂವರೆಗೆ ಬೇಡವಾದ ಊಟ, ಒಲೆ ಆರಿದ ಮೇಲೆ ಒಂಬತ್ತೂವರೆಗೆ ಬಿಸ್ಕತ್ತಿನ ರೂಪದಲ್ಲಿ ಪುನರ್ಜನ್ಮ ಪಡೆಯುತ್ತದೆ. ಕುಡಿದದ್ದನ್ನು ಹೊಟ್ಟೆಯೂ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆಯವರಂತೂ ಹಿಡಿಯುವುದೇ ಇಲ್ಲ.

ವ್ಯಾಯಾಮದ ವಿಷಯದಲ್ಲಿ ಈ ಸೀಮೆಗೆ ಒಂದು ಕಾಲದಲ್ಲಿ ತನ್ನದೇ ಪದ್ಧತಿಯಿತ್ತು. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರ್ಖಾನೆಯತ್ತ ಸಾಗುವ ಗಾಡಿಯ ಹಿಂದೆ ಹುಡುಗರು ಓಡಿ, ಜಲ್ಲೆಯ ತುದಿ ಹಿಡಿದು ಎಳೆದು, ಗಾಡಿಯವನ ಬೈಗುಳ ಕಿವಿಗೆ ಬೀಳುವ ಮುನ್ನ ಏರಿ ಹಾರಿ, ಆಮೇಲೆ ಹಲ್ಲಿನಿಂದ ಸಿಪ್ಪೆ ಸುಲಿದು ಜಗಿಯುತ್ತಿದ್ದರು. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತದೆ, ಆಟದ ನಂತರವೂ ಕೆಲವು ಗಂಟೆ ಆ ಚಾಳಿಯನ್ನು ಬಿಡುವುದಿಲ್ಲ ಎಂಬ ಈಚಿನ ಜೀವವಿಜ್ಞಾನದ ತತ್ತ್ವವನ್ನು ಅರಿಯದೆಯೇ ಅವರು ಆಚರಣೆಗೆ ತಂದಿದ್ದರು. ಸಕ್ಕರೆ ಸಿಗಬೇಕಾದರೆ ಓಟ ಮೊದಲು ಆಗಲೇಬೇಕಿತ್ತು. ಈ ಕ್ರಮ ಕಳ್ಳತನವೇ ಆದ್ದರಿಂದ ಇದನ್ನು ಶಾಲಾ ಪಠ್ಯಕ್ಕೆ ಶಿಫಾರಸು ಮಾಡುವಂತಿಲ್ಲ. ಈಗಿನ ಕ್ರಮದಲ್ಲಿ ಓಟವಿಲ್ಲದೆ ಸಕ್ಕರೆ ಟ್ಯೂಷನ್ನಿನ ಬಾಗಿಲಿಗೇ ಬರುತ್ತದೆ, ಅಪರೂಪಕ್ಕೆ ಕಬಡ್ಡಿ ಆಡಿದರೂ ಬಹುಮಾನವಾಗಿ ಬಾಟಲಿ ಸಿಗುತ್ತದೆ. ಜೋರಾಗಿ ಆಡಿದ ಮೇಲೆ ಸ್ವಲ್ಪ ಹೊತ್ತು ಹಸಿವು ತಗ್ಗಿ ಬಾಯಾರಿಕೆ ಹೆಚ್ಚುತ್ತದೆ. ಒಂದು ಗಂಟೆಯ ಆಟಕ್ಕೆ ನೀರೇ ಸಾಕು, ಬಾಟಲಿಯ 130ರಷ್ಟು ಕಿಲೊಕ್ಯಾಲೊರಿಯನ್ನು ಕರಗಿಸಲು ಅರ್ಧ ಗಂಟೆಯ ಓಟವೂ ಸಾಲದೆ ಹೋಗಬಹುದು. (ಟೈಪ್ 1 ಮಧುಮೇಹಕ್ಕಾಗಿ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗು ಆಡುತ್ತಾ ಬೆವತು ನಡುಗಿ, ಸಕ್ಕರೆ 70ಕ್ಕಿಂತ ಇಳಿದರೆ ಅದೇ ಸಿಹಿ ನೀರು ಮದ್ದು, ಆ ಸಂದರ್ಭದಲ್ಲಿ ಅಣಕಕ್ಕೆ ಎಡೆಯಿಲ್ಲ.)

ಶಾಲೆಯ ಚೀಲ ಹೊರುವುದು ವ್ಯಾಯಾಮವೇ ಅಲ್ಲವೇ ಎಂಬ ಪ್ರಶ್ನೆ ಮಾತ್ರ ವ್ಯಾಖ್ಯಾನಕಾರರಲ್ಲಿ ಇನ್ನೂ ವಿವಾದದಲ್ಲಿದೆ. ವ್ಯಾನಿನಿಂದ ಮನೆಯವರೆಗೆ ಚೀಲ ಹೊರುವವರು ಅಜ್ಜಿಯೇ ಆದ್ದರಿಂದ ಅದರ ಫಲ ಅವರ ಖಾತೆಗೇ ಸಲ್ಲಬೇಕೆಂಬುದು ಇತ್ತೀಚಿನ ಮತ. ಡಾಕ್ಟರು ಕಾಫಿಯ ಸಕ್ಕರೆ ನಿಲ್ಲಿಸಿದ ಮೇಲೆ ಅಜ್ಜಿಯ ಸಕ್ಕರೆ ಹತೋಟಿಯಲ್ಲಿದೆಯೆಂಬುದನ್ನು ಈ ಮತದವರು ಆಧಾರವಾಗಿ ಕೊಡುತ್ತಾರೆ, ಉಳಿದ ಸಕ್ಕರೆ ಯಾರ ಪಾಲಾಯಿತೆಂದು ಕೇಳಿದರೆ ಮಾತು ತೇಲಿಸುತ್ತಾರೆ.