ಮೌತ್ ಆರ್ಗನ್ ರೈಲು ಮೀಮಾಂಸೆ

ಮೌತ್ ಆರ್ಗನ್ನಿನಲ್ಲಿ ರೈಲು ಓಡಿಸುವ ಶಾಸ್ತ್ರಕ್ಕೆ ಅರಕಲಗೂಡೇ ಮೂಲಪೀಠವೆಂದು ಮೊದಲು ಘೋಷಿಸಿಬಿಡುತ್ತೇವೆ. ಪ್ರಮಾಣ ಆಮೇಲೆ ಹುಡುಕೋಣ. ಸಂಶೋಧನೆಯ ರೂಢಿಯೇ ಅದು.

ಪೂರ್ವಪಕ್ಷ ಹಾಸನ ಜಂಕ್ಷನ್ನಿನವರದು: ರೈಲು ಕೇಳಿ ಬೆಳೆದವನೇ ರೈಲು ನುಡಿಸಬಲ್ಲ. ಮೈಸೂರು ಹಳಿಯ ಹಳೆಯ ಹಕ್ಕುದಾರರಾದ ಹೊಳೆನರಸೀಪುರದವರು ಹೌದೆನ್ನುತ್ತಾರೆ. 2017ರಲ್ಲಿ ಕುಣಿಗಲ್ ಮಾರ್ಗ ತೆರೆದು ಬೆಂಗಳೂರು ರೈಲು ಕಂಡ ಚನ್ನರಾಯಪಟ್ಟಣದವರು ಇನ್ನೂ ಜೋರಾಗಿ ಹೌದೆನ್ನುತ್ತಾರೆ. ಸಾಕ್ಷಿ ಯಾರು? ‘ಪ್ಯಾನ್ ಅಮೆರಿಕನ್ ಬ್ಲೂಸ್’ನಲ್ಲಿ ಇಡೀ ರೈಲನ್ನೇ ಊದಿ 1927ರಲ್ಲಿ ಧ್ವನಿಮುದ್ರಿಸಿದ ಅಮೆರಿಕದ ಡಿಫೋರ್ಡ್ ಬೈಲಿ. ಅರಕಲಗೂಡಿಗೆ ಹಳಿಯೇ ಇಲ್ಲ. ಆದ್ದರಿಂದ ಅಧಿಕಾರವೂ ಇಲ್ಲ.

ಈ ವಾದ ನಿಲ್ಲುವುದಿಲ್ಲ. ಬೈಲಿ ಕೇಳಿದ್ದು ಉಗಿ ಎಂಜಿನ್ನು. ಅದರ ಎರಡು ಸಿಲಿಂಡರುಗಳಲ್ಲೂ ಉಗಿ ಪಿಸ್ಟನ್ನನ್ನು ಎರಡೂ ಕಡೆಯಿಂದ ದಬ್ಬುವುದರಿಂದ ಚಕ್ರ ಒಂದು ಸುತ್ತು ಬಂದರೆ ನಾಲ್ಕು ‘ಚುಕ್’. ಅಂದರೆ ಶುದ್ಧ ಚತುರಶ್ರ, ತಕಧಿಮಿ. ಈಗ ಹಾಸನಕ್ಕೆ ಬರುವ ಎಂಜಿನ್ನು ಶ್ರುತಿಪೆಟ್ಟಿಗೆಯಂತೆ ಒಂದೇ ಸಮ ಗುಂಯ್‌ಗುಡುತ್ತದೆ. ಅದರಿಂದ ಯಾರು ಏನು ಲಯ ಕಲಿತಾರು? ಆ ತಕಧಿಮಿ ಈಗ ಇರುವುದು ಕಾವೇರಿ ದಡದ ರುದ್ರಪಟ್ಟಣದಲ್ಲಿ. ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರದು, ತಂಬೂರಿ ಆಕಾರದ ಗುಡಿ ಕಟ್ಟಿಕೊಂಡ ಊರು. ಅದು ಯಾವ ತಾಲ್ಲೂಕು? ಅರಕಲಗೂಡು!

ಇನ್ನು ವೇಗಸಾಧನ ಪ್ರಕರಣ. ಹತ್ತು ತೂತಿನ ವಾದ್ಯದಲ್ಲಿ ಎಡಗಡೆಯ ಮೂರನ್ನು ಹಿಡಿಯಬೇಕು. ಊದಿದರೆ ಸ-ಗ-ಪ, ಎಳೆದರೆ ರಿ-ಪ-ನಿ. ‘ತಕ’ ಉಸಿರು ಒಳಕ್ಕೆ, ‘ಧಿಮಿ’ ಹೊರಕ್ಕೆ. ಮೊದಲ ಕಾಲ ಗಟ್ಟಿಯಾಗುವವರೆಗೆ ಎರಡನೆಯ ಕಾಲಕ್ಕೆ ಕೈ ಹಾಕಬಾರದು, ಅಂದರೆ ಬಾಯಿ ಹಾಕಬಾರದು. ವೇಗ ಹೆಚ್ಚಿದಂತೆ ಜೋರು ಮಾಡುವುದೇ ಶಿಷ್ಯರ ಮಹಾಪಾತಕ: ರೀಡು ಉಸಿರುಗಟ್ಟುತ್ತದೆ, ಶಿಷ್ಯನಿಗೂ ಅದೇ ಗತಿ. ಕಾಲ ಏರಿದಷ್ಟೂ ಉಸಿರು ಕಿರಿದಾಗಬೇಕು, ಪೆಟ್ಟೆಲ್ಲ ನಾಲಿಗೆಯದು. ಸೀಟಿಗಾಗಿ ನಾಲ್ಕು-ಐದನೆಯ ತೂತನ್ನು ಎಳೆಯುವಾಗ ಎದೆ ಗಾಳಿಯಿಂದ ತುಂಬುತ್ತದೆ. ಆ ಗಾಳಿಯನ್ನು ಮೂಗಿನಿಂದ ಕದ್ದು ಬಿಡುವುದು ಗುರುಮುಖೇನ ಕಲಿಯತಕ್ಕ ವಿದ್ಯೆ; ನಾವು ಪುಕ್ಕಟೆ ಹೇಳಿಬಿಟ್ಟೆವು.

ಅವಸರದವರಿಗೆ ಪ್ರಾಯಶ್ಚಿತ್ತ: ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಘಾಟಿಯನ್ನು ಊದುವುದು. ಐವತ್ತು ಅಡಿಗೆ ಒಂದಡಿ ಏರು, 57 ಸುರಂಗ. ಪ್ರತಿ ಸುರಂಗಕ್ಕೂ ವಾದ್ಯವನ್ನು ಅಂಗೈಯಲ್ಲಿ ಮುಚ್ಚಿ ತೆಗೆಯಬೇಕು. ದೋಣಿಗಲ್ ಬರುವಷ್ಟರಲ್ಲಿ ಎಂಥವನ ಅವಸರವೂ ಇಳಿಯುತ್ತದೆ.

ಹಾಸನದವರದು ಕೊನೆಯ ಆಕ್ಷೇಪ: ಸ್ಟೇಷನ್ನೇ ಇಲ್ಲದ ಅರಕಲಗೂಡಿನವನು ರೈಲು ನಿಲ್ಲಿಸುವುದು ಹೇಗೆ? ಸಮಾಧಾನ ಸುಲಭ. ಬಸ್‌ಸ್ಟ್ಯಾಂಡಿನ ಸಂಪ್ರದಾಯದಂತೆ ಒಂದು ಸೀಟಿಗೆ ನಿಲ್ಲುತ್ತದೆ, ಎರಡು ಸೀಟಿಗೆ ರೈಟ್.