ಕೇಳದೆಯೇ ಪಡೆಯುವ ಯಂತ್ರ: ಬಳಕೆದಾರರ ಕೈಪಿಡಿ

ಮಾದರಿ: ರೂಪರ್ಟ್ ಮರ್ಡೋಕ್. ತಯಾರಿ: ಮೆಲ್ಬರ್ನ್, 1931. ಸ್ವಿಚ್ ಒತ್ತುವ ಮುನ್ನ ಪೂರ್ತಿ ಓದಿ.

1. ಜೋಡಣೆ: ಅಪ್ಪನ ಪತ್ರಿಕೆಯೊಂದಿದ್ದರೆ ಅನುಕೂಲ. 1952ರಲ್ಲಿ ತಂದೆ ತೀರಿಕೊಂಡಾಗ ಇವರ ಪಾಲಿಗೆ ಬಂದದ್ದು ಅಡಿಲೇಡಿನ 'ದಿ ನ್ಯೂಸ್'. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ನೀವು ಬಿಳಲುಗಳನ್ನು ಕಡಲಾಚೆ ಇಳಿಬಿಡಿ. 1969ರಲ್ಲಿ ಲಂಡನ್ನಿನ 'ಸನ್', 1976ರಲ್ಲಿ 'ನ್ಯೂಯಾರ್ಕ್ ಪೋಸ್ಟ್', 1981ರಲ್ಲಿ 'ಟೈಮ್ಸ್'. ಅಮೆರಿಕದ ಟಿವಿ ಸ್ಟೇಷನ್ನುಗಳಿಗೆ ಪರದೇಶಿ ಒಡೆಯನಾಗುವಂತಿಲ್ಲ ಎನ್ನುತ್ತದೆಯೇ ಕಾನೂನು? ಕಾನೂನು ಬದಲಾಗುವವರೆಗೆ ಕಾಯಬೇಡಿ, ಪೌರತ್ವ ಬದಲಿಸಿ (1985).

2. ಶಬ್ದ ಬಂದರೆ: ಯೂನಿಯನ್ ಗಲಾಟೆಯಿರಬಹುದು. ಸದ್ದಿಲ್ಲದೆ ಲಂಡನ್ನಿನ ವ್ಯಾಪಿಂಗ್‌ನಲ್ಲಿ ಹೊಸ ಮುದ್ರಣಾಲಯ ಸಜ್ಜು ಮಾಡಿಟ್ಟುಕೊಳ್ಳಿ. ಮುಷ್ಕರ ಹೂಡಿದ ಐದು ಸಾವಿರಕ್ಕೂ ಹೆಚ್ಚು ಜನರನ್ನು 1986ರಲ್ಲಿ ಮನೆಗೆ ಕಳಿಸಿದರೂ ಪತ್ರಿಕೆ ಮುಂದಿನ ದಿನಗಳಲ್ಲೂ ಬರುತ್ತಲೇ ಇತ್ತು.

3. ಬಳಕೆ: ಚುನಾವಣೆಯ ಕಾಲದಲ್ಲಿ ಮಾತ್ರ ಪೂರ್ಣ ವೇಗ. 1992ರಲ್ಲಿ ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷ ಗೆದ್ದ ಎರಡೇ ದಿನಕ್ಕೆ, ಗೆಲ್ಲಿಸಿದ್ದು ನಾವೇ ಎಂದು 'ಸನ್' ಬೀಗಿತು. ನಿಜವೋ ಸುಳ್ಳೋ, ಸೋತವರು ನಂಬಿದರೆ ಸಾಕು. 1995ರಲ್ಲಿ ಲೇಬರ್ ಪಕ್ಷದ ಟೋನಿ ಬ್ಲೇರ್ ಆಸ್ಟ್ರೇಲಿಯಾದ ಹೇಮನ್ ದ್ವೀಪದವರೆಗೆ ಹಾರಿಬಂದು ಮರ್ಡೋಕ್ ಬಳಗದೆದುರು ಭಾಷಣ ಮಾಡಿದರು. 1997ರಲ್ಲಿ 'ಸನ್' ಅವರ ಕಡೆ ವಾಲಿತು.

4. ಬಾಗಿಲು: ಮುಂಬಾಗಿಲು ಫೋಟೋ ತೆಗೆಸಿಕೊಳ್ಳುವವರಿಗೆ. 2010ರಲ್ಲಿ ಪ್ರಧಾನಿಯಾದ ಕೆಲವೇ ದಿನಕ್ಕೆ ಡೇವಿಡ್ ಕ್ಯಾಮರನ್ ಇವರನ್ನು ಒಂದು ಕಪ್ ಚಹಾಕ್ಕೆ ಕರೆದರು, ಬೆಂಬಲಕ್ಕೆ ಥ್ಯಾಂಕ್ಸ್ ಹೇಳಲು. ಹಿಂಬಾಗಿಲಿಂದ ಬನ್ನಿ ಅಂದರು, ಹೋದೆ ಎಂದು ಇವರೇ ಸಂಸದರ ಸಮಿತಿಯೆದುರು ಹೇಳಿದರು. ಯಾವ ಪ್ರಧಾನಿಯ ಬಳಿಯೂ ಏನನ್ನೂ ಕೇಳಿದವನಲ್ಲ ಎಂದು 2012ರಲ್ಲಿ ಪತ್ರಿಕೆಗಳ ನಡವಳಿಕೆ ಕುರಿತ ಲೆವೆಸನ್ ವಿಚಾರಣೆಯಲ್ಲಿ ಪ್ರಮಾಣ ಮಾಡಿ ನುಡಿದರು. ನಂಬಿ. ಹಸಿದವರಿಗಷ್ಟೇ ಕೇಳುವ ಕಷ್ಟ. ಬಡಿಸುವವರೇ ಮುಖ ನೋಡಿ ಬಡಿಸುವಾಗ ಎಲೆಯ ಮುಂದೆ ಸುಮ್ಮನೆ ಕೂತರಾಯಿತು.

5. ಹೊಗೆ ಕಂಡರೆ: ಯಂತ್ರ ನಿಲ್ಲಿಸಬೇಡಿ, ಒಂದು ಬಿಡಿಭಾಗ ಕಳಚಿ ಎಸೆಯಿರಿ. ಕೊಲೆಯಾದ ಶಾಲಾ ಬಾಲಕಿಯ ಫೋನಿನ ಸಂದೇಶಗಳಿಗೂ ಕದ್ದು ಕಿವಿಗೊಟ್ಟದ್ದು 2011ರಲ್ಲಿ ಬಯಲಾದಾಗ, ಕದ್ದು ಕೇಳಿದ ಇವರದೇ 168 ವರ್ಷದ ಪತ್ರಿಕೆ 'ನ್ಯೂಸ್ ಆಫ್ ದಿ ವರ್ಲ್ಡ್' ಒಂದೇ ವಾರದಲ್ಲಿ ಮುಚ್ಚಿತು. 2020ರ ಅಮೆರಿಕ ಚುನಾವಣೆಯ ಬಗ್ಗೆ ಇವರ ಚಾನೆಲ್ ಫಾಕ್ಸ್ ನ್ಯೂಸ್ ಬಿತ್ತರಿಸಿದ ಸುಳ್ಳಿಗೆ ಮತಯಂತ್ರ ಕಂಪನಿ ಡೊಮಿನಿಯನ್ ಕೋರ್ಟಿಗೆ ಹೋದಾಗ, 2023ರಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಚಾನೆಲ್ ಓಡುತ್ತಲೇ ಇದೆ.

6. ವಾರಂಟಿ: ಮನೆಯೊಳಗಿನ ಬಳಕೆಗೆ ಅನ್ವಯಿಸದು. ತಮ್ಮ ನಂತರ ನಾಲ್ವರು ಹಿರಿಯ ಮಕ್ಕಳಿಗೆ ಸಮ ಅಧಿಕಾರ ಎಂದಿದ್ದ ಟ್ರಸ್ಟನ್ನು ತಿದ್ದಿ ಮಗ ಲಾಕ್ಲನ್ ಒಬ್ಬರ ಕೈಗೇ ಕೊಡಬೇಕು ಎಂದು, ತೊಂಬತ್ತು ದಾಟಿದ ವಯಸ್ಸಿನಲ್ಲಿ, ನೆವಾಡಾದ ರೀನೋ ನಗರದ ಕೋರ್ಟನ್ನು ಇವರು ಕೇಳಿಯೇ ಬಿಟ್ಟರು. 2024ರ ಡಿಸೆಂಬರ್‌ನಲ್ಲಿ ಕೋರ್ಟಿನ ಕಮಿಷನರ್ ಆಗದು ಎಂದರು. ಮರುವರ್ಷ ಉಳಿದ ಮೂವರಿಗೆ ಒಟ್ಟು ಸುಮಾರು 330 ಕೋಟಿ ಡಾಲರ್ ಎಣಿಸಿ ಪಾಲು ಬಿಡಿಸಿಕೊಳ್ಳಬೇಕಾಯಿತು.

ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ.